ಪರೀಕ್ಷೆ ಪಾಸಾದ ಪಾಕ

ಜೇನುತುಪ್ಪ ಅಪ್ಪಟವೇ ಎಂದು ತಿಳಿಯಲು ನಮ್ಮಲ್ಲಿ ಮನೆಗೊಂದು ಪರೀಕ್ಷೆ ಇದೆ. ನೀರಿನ ಲೋಟಕ್ಕೆ ಹನಿ ಬಿಡುತ್ತಾರೆ, ಹತ್ತಿಯ ಬತ್ತಿಯನ್ನು ಅದ್ದಿ ಕಡ್ಡಿ ಗೀರುತ್ತಾರೆ, ಬಾಟಲಿಯ ತಳ ಹರಳುಗಟ್ಟಿದರೆ ಸಕ್ಕರೆ ಬೆರೆಸಿದ್ದಾರೆಂದು ಮಾರಿದವನನ್ನು ಬೈಯುತ್ತಾರೆ. ಇವುಗಳಲ್ಲಿ ಒಂದನ್ನೂ ನೆಚ್ಚುವಂತಿಲ್ಲ. ಗ್ಲೂಕೋಸ್ ಹೆಚ್ಚಿರುವ ಅಪ್ಪಟ ಜೇನುತುಪ್ಪವೇ ಬೇಗ ಹರಳುಗಟ್ಟುತ್ತದೆ. ಗಟ್ಟಿಯಾಗಿ ಕಾಯಿಸಿದ ಪಾಕ ಕೂಡ ಲೋಟದ ತಳಕ್ಕೆ ನೆಟ್ಟಗೆ ಇಳಿಯುತ್ತದೆ.

ಪ್ರಯೋಗಾಲಯದವರು ನೋಡುವುದು ಇಂಗಾಲವನ್ನು. ಕಬ್ಬು, ಮೆಕ್ಕೆಜೋಳಗಳು ಗಾಳಿಯಿಂದ ಇಂಗಾಲ ಹಿಡಿಯುವ ಬಗೆ ಒಂದು; ಜೇನುನೊಣ ಮಕರಂದ ಹೀರುವ ಬಹುತೇಕ ಗಿಡಮರಗಳದ್ದು ಇನ್ನೊಂದು. ಹಾಗಾಗಿ ತುಸು ಭಾರದ ಇಂಗಾಲ-13 ಕಬ್ಬಿನ ಸಕ್ಕರೆಯಲ್ಲಿ ಹೆಚ್ಚು, ಮಕರಂದದಲ್ಲಿ ಕಡಿಮೆ. ಅಮೆರಿಕದ ರಸಾಯನವಿಜ್ಞಾನಿ ಜೊನಾಥನ್ ವೈಟ್ ಇದನ್ನು ಬಳಸಿ ಒಂದು ಸೊಗಸಾದ ಉಪಾಯ ರೂಪಿಸಿದರು. ಜೇನುತುಪ್ಪದಲ್ಲಿ ಅತ್ಯಲ್ಪ ಪ್ರೋಟೀನ್ ಇರುತ್ತದೆ. ಅದು ನೊಣದಿಂದಲೂ ಪರಾಗದಿಂದಲೂ ಬಂದದ್ದು. ಸಕ್ಕರೆ ಸುರಿಯುವವನ ಕೈಯಿಂದ ಬಂದದ್ದಲ್ಲ. ಆ ಪ್ರೋಟೀನನ್ನು ಬೇರ್ಪಡಿಸಿ, ಅದರ ಇಂಗಾಲವನ್ನು ಇಡೀ ತುಪ್ಪದ ಇಂಗಾಲದ ಜೊತೆ ತಾಳೆ ನೋಡಿದರೆ ಎರಡೂ ಹೊಂದಬೇಕು. ಶೇ. 7ಕ್ಕಿಂತ ಹೆಚ್ಚು ಕಬ್ಬಿನ ಸಕ್ಕರೆ ಸೇರಿದ್ದರೆ ಹೊಂದುವುದಿಲ್ಲ, ಮೋಸ ಸಿಕ್ಕಿಬೀಳುತ್ತದೆ.

ಕಲಬೆರಕೆ ಮಾಡುವವರು ಅಕ್ಕಿಗೆ ಹೊರಳಿದ್ದು ಇದೇ ಕಾರಣಕ್ಕೆ. ಭತ್ತ ಇಂಗಾಲ ಹಿಡಿಯುವುದು ಹೂಗಿಡಗಳ ಬಗೆಯಲ್ಲೇ. ಅಕ್ಕಿಯ ಪಿಷ್ಟವನ್ನು ಕಿಣ್ವಗಳಿಂದ ಒಡೆದು ಮಾಡಿದ ಪಾಕ ವೈಟ್ ಅವರ ಪರೀಕ್ಷೆಗೆ ಕಾಣಿಸುವುದೇ ಇಲ್ಲ. ಅಕ್ಕಿ ಪಾಕದ ಗುರುತುಗಳನ್ನು ವಿಜ್ಞಾನಿಗಳು ಹುಡುಕಿದರು. ಆ ಗುರುತುಗಳನ್ನೂ ತಪ್ಪಿಸಿಕೊಳ್ಳುವ ಪಾಕ ಬಂತು. 2020ರ ಡಿಸೆಂಬರ್‌ನಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 13 ಬ್ರ್ಯಾಂಡುಗಳ ಜೇನುತುಪ್ಪದ ತನಿಖಾ ವರದಿ ಹೊರತಂದಿತು. ದೊಡ್ಡ ಬ್ರ್ಯಾಂಡುಗಳ ಪೈಕಿ ಹೆಚ್ಚಿನವು ನಮ್ಮ ದೇಶದ ಪರೀಕ್ಷೆಗಳಲ್ಲಿ ಪಾಸಾಗಿದ್ದವು. ಆದರೆ ಜರ್ಮನಿಯ ಪ್ರಯೋಗಾಲಯದಲ್ಲಿ, ಅಣುಗಳು ಕಾಂತಕ್ಷೇತ್ರಕ್ಕೆ ಸ್ಪಂದಿಸುವುದನ್ನು ದಾಖಲಿಸುವ ಎನ್‌ಎಂಆರ್ ಪರೀಕ್ಷೆಯಲ್ಲಿ 10 ಬ್ರ್ಯಾಂಡುಗಳು ಫೇಲಾದವು. ಕಂಪನಿಗಳು ಆರೋಪವನ್ನು ಅಲ್ಲಗಳೆದವು.

ಯುರೋಪೂ ಇದಕ್ಕೆ ಹೊರತಲ್ಲ. ಅಲ್ಲಿಗೆ ಆಮದಾದ 320 ಮಾದರಿಗಳಲ್ಲಿ ಶೇ. 46ರಷ್ಟು ಸಂಶಯಾಸ್ಪದ ಎಂದು ಯುರೋಪಿಯನ್ ಆಯೋಗ 2023ರಲ್ಲಿ ಹೇಳಿತು. 2021ರಲ್ಲಿ ಆಮದು ಜೇನುತುಪ್ಪದ ಸರಾಸರಿ ಬೆಲೆ ಕಿಲೋಗೆ 2.17 ಯೂರೋ ಇತ್ತು, ಅಕ್ಕಿ ಪಾಕದ್ದು 40ರಿಂದ 60 ಸೆಂಟ್. ಇಷ್ಟು ಲಾಭವಿರುವಾಗ ಪರೀಕ್ಷೆಯನ್ನು ವಂಚಿಸಲು ಬೇಕಾದ ಜಾಣತನವನ್ನು ಕೊಂಡುಕೊಳ್ಳುವುದು ಕಷ್ಟವಲ್ಲ.

ಪಾಕದ ಈ ಅಗ್ಗದ ಬೆಲೆಯ ಜೊತೆ ಪೈಪೋಟಿಗೆ ಇಳಿಯಬೇಕಾದವರು ನಮ್ಮ ಮಲೆನಾಡು, ಕೊಡಗಿನ ಜೇನುಕೃಷಿಕರು. ಅವರು ಸಾಕುವ ತುಡುವೆ ಜೇನುನೊಣ ಪೆಟ್ಟಿಗೆ ಇಟ್ಟು ಮರೆಯುವ ಕೆಲಸವಲ್ಲ. ಇರುವೆ ಹತ್ತದಂತೆ ಸ್ಟ್ಯಾಂಡಿನ ಕಾಲಿಗೆ ನೀರಿನ ಬಟ್ಟಲು ಇಡಬೇಕು, ಎರಿಗೆ ಮೇಣದ ಹುಳು ಬಿದ್ದಿದೆಯೇ ನೋಡುತ್ತಿರಬೇಕು, ಕುಟುಂಬ ಪಾಲಾಗಿ ಹಾರಿಹೋಗದಂತೆ ರಾಣಿಕೋಶಗಳನ್ನು ಹುಡುಕಿ ಕೀಳಬೇಕು. ಮಳೆಗಾಲದಲ್ಲಿ ಹೂವಿಲ್ಲದ ತಿಂಗಳುಗಳನ್ನು ದಾಟಿಸಲು ಸಕ್ಕರೆ ಪಾಕ ಕೊಡಬೇಕು. ಆ ಪಾಕ ನೊಣದ ಹೊಟ್ಟೆಗೆ, ಮಾರುವ ಬಾಟಲಿಗಲ್ಲ. ಇಷ್ಟಾದರೂ ರೋಗ ಬಂದರೆ ಕೈಗೇನೂ ಉಳಿಯದು. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ಬಂದಾಗ ಮರಿಹುಳುಗಳು ನೀರುತುಂಬಿದ ಚೀಲಗಳಂತಾಗಿ ಸತ್ತವು. ಕೇರಳ, ಕರ್ನಾಟಕಗಳಲ್ಲಿ ತುಡುವೆ ಕುಟುಂಬಗಳ ಬಹುಪಾಲು ಅಳಿಯಿತು. ಕೃಷಿಕರು ಮತ್ತೆ ಒಂದೊಂದೇ ಪೆಟ್ಟಿಗೆಯಿಂದ ಶುರುಮಾಡಬೇಕಾಯಿತು.

ನನಗೆ ಹೆಚ್ಚು ನೋವಾಗುವುದು ನೀರಿನಂಶದ ವಿಷಯದಲ್ಲಿ. ನೊಣಗಳು ರೆಕ್ಕೆ ಬೀಸಿ ಮಕರಂದದ ನೀರನ್ನು ಆರಿಸಿ, ಹದಕ್ಕೆ ಬಂದ ಕೋಶಕ್ಕೆ ಮೇಣದ ಮುಚ್ಚಳ ಹಾಕುತ್ತವೆ. ತುಡುವೆ ಮತ್ತು ಹೆಜ್ಜೇನಿನ ತುಪ್ಪದಲ್ಲಿ, ಅದರಲ್ಲೂ ಮಲೆನಾಡಿನ ತೇವದ ಗಾಳಿಯಲ್ಲಿ, ಮುಚ್ಚಳ ಬಿದ್ದ ಮೇಲೂ ಶೇ. 20ಕ್ಕಿಂತ ಹೆಚ್ಚು ನೀರು ಉಳಿಯುವುದು ಸಾಮಾನ್ಯ. ದೇಶದ ಮಾನದಂಡ ಒಪ್ಪುವುದು ಗರಿಷ್ಠ ಶೇ. 20. ಎರಿಯಿಂದ ನೇರ ತೆಗೆದ ತುಪ್ಪ ಇಲ್ಲಿ ಫೇಲಾಗುತ್ತದೆ, ಕಾರ್ಖಾನೆಯ ಪಾಕವನ್ನು ಬೇಕಾದ ಹದಕ್ಕೆ ಇಳಿಸಬಹುದು. ಫೇಲಾದ ತುಪ್ಪವನ್ನು ಕಾಯಿಸಿ ನೀರು ತೆಗೆದರೆ ಪರಿಮಳ, ಕಿಣ್ವಗಳು ಹಾಳಾಗುತ್ತವೆ, ಖರ್ಚೂ ಬೀಳುತ್ತದೆ.

ಇದಕ್ಕೆ ದಾರಿ ಇಲ್ಲದಿಲ್ಲ. ಯುರೋಪಿನ ಬಯಲು ಗುಡ್ಡಗಳಲ್ಲಿ ಅರಳುವ ಹೀದರ್ ಹೂವಿನ ಜೇನುತುಪ್ಪ ಸಹಜವಾಗಿಯೇ ನೀರು ಹಿಡಿದಿರುತ್ತದೆ ಎಂದು ಒಪ್ಪಿ, ಅಂತರರಾಷ್ಟ್ರೀಯ ಕೋಡೆಕ್ಸ್ ಮಾನದಂಡ ಅದಕ್ಕೆ ಶೇ. 23ರವರೆಗೆ ರಿಯಾಯಿತಿ ಕೊಟ್ಟಿದೆ. ತುಡುವೆಗೂ ಹೆಜ್ಜೇನಿಗೂ ಅಂಥದೇ ಪ್ರತ್ಯೇಕ ಮಿತಿ ಬೇಕು.