ವಾಣಿಜ್ಯ ದತ್ತಾಂಶ ವಿಶ್ಲೇಷಣೆ: ಉಪವಿಷಯವಾಗಿ ಅದರ ಅಧ್ಯಯನ

ಕನ್ನಡವನ್ನೋ ಅರ್ಥಶಾಸ್ತ್ರವನ್ನೋ ಮುಖ್ಯ ವಿಷಯವಾಗಿ ಓದುವ ವಿದ್ಯಾರ್ಥಿ ವಾಣಿಜ್ಯ ದತ್ತಾಂಶ ವಿಶ್ಲೇಷಣೆಯನ್ನು ಉಪವಿಷಯವಾಗಿ ಆರಿಸಿಕೊಂಡರೆ ಪ್ರಯೋಜನವುಂಟೇ? ಹೆತ್ತವರು ಅಧ್ಯಾಪಕರಾದ ನಮ್ಮನ್ನು ಹೀಗೆ ಕೇಳಿದಾಗ ಉತ್ತರ ಕೊಡಬೇಕಾದರೆ, ಆ ವಿದ್ಯೆಯ ಸ್ವರೂಪವನ್ನು ಮೊದಲು ನಾವು ಅರಿತಿರಬೇಕು.

ವ್ಯಾಪಾರದಲ್ಲಿ ದಿನವೂ ಹುಟ್ಟುವ ಲೆಕ್ಕಗಳನ್ನು ಮುಂದಿಟ್ಟುಕೊಂಡು ಏನಾಯಿತು, ಏಕಾಯಿತು, ಮುಂದೇನಾದೀತು, ಏನು ಮಾಡಬೇಕು ಎಂಬ ನಾಲ್ಕು ಪ್ರಶ್ನೆಗಳನ್ನು ಬಿಡಿಸುವುದೇ ಈ ವಿದ್ಯೆ. ಒಂದು ಅಂಗಡಿಯಲ್ಲಿ ನಾಲ್ಕು ದಿನ 20 ಕಿಲೋದಂತೆಯೂ ಹಬ್ಬದ ಹಿಂದಿನ ದಿನ 120 ಕಿಲೋದಷ್ಟೂ ಬಾಳೆಹಣ್ಣು ಮಾರಾಟವಾಯಿತೆನ್ನೋಣ. ಸರಾಸರಿ 40 ಕಿಲೋ. ಅದನ್ನೇ ನಂಬಿ ದಿನವೂ 40 ಕಿಲೋ ತರಿಸಿದವನಿಗೆ ನಾಲ್ಕು ದಿನ ಹಣ್ಣು ಕೊಳೆಯುತ್ತದೆ. ಐದನೆಯ ದಿನ ಗಿರಾಕಿಗಳು ಬರಿಗೈಯಲ್ಲಿ ಮರಳುತ್ತಾರೆ. ಸರಾಸರಿಯ ಲೆಕ್ಕ ತಪ್ಪಲ್ಲ. ಅದನ್ನು ಓದಿದ ಬಗೆ ತಪ್ಪು. ಗಣಕಯಂತ್ರ ಕೂಡಿಸಿ ಭಾಗಿಸೀತು. ಪಂಚಾಂಗ ನೋಡಬೇಕೆಂದು ಹೊಳೆಯಬೇಕಾದುದು ಮನುಷ್ಯನಿಗೆ.

ವಿಶ್ವವಿದ್ಯಾಲಯ ಅನುದಾನ ಆಯೋಗವು 2022ರ ಡಿಸೆಂಬರಿನಲ್ಲಿ ಪ್ರಕಟಿಸಿದ ಚೌಕಟ್ಟಿನಂತೆ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್ ಬೇಕು. ಅದರಲ್ಲಿ ಮುಖ್ಯ ವಿಷಯಕ್ಕೆ 60, ಉಪವಿಷಯಕ್ಕೆ 24. ಒಂದು ಕ್ರೆಡಿಟ್ ಎಂದರೆ ಒಂದು ಸೆಮಿಸ್ಟರಿನಲ್ಲಿ 15 ಗಂಟೆಯ ಪಾಠ. ಪ್ರಯೋಗವಾದರೆ 30 ಗಂಟೆ. ವಿಶ್ವವಿದ್ಯಾಲಯಗಳ ನಿಯಮಗಳಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವುಂಟು. ಕೇರಳದಲ್ಲಿ ನಾಲ್ಕು ವರ್ಷದ ಪದವಿ 2024ರಲ್ಲಿ ಆರಂಭವಾಗಿ, ಇಂಥ ಆಯ್ಕೆಗೆ ಅಲ್ಲಿಯೂ ಎಡೆ ದೊರೆತಿದೆ.

ಉಪವಿಷಯವೆಂದು ಇದನ್ನು ಹಗುರವಾಗಿ ಕಾಣಬೇಕಾಗಿಲ್ಲ. ವಿಲಿಯಂ ಗಾಸೆಟ್ ಆಕ್ಸ್‌ಫರ್ಡಿನಲ್ಲಿ ಓದಿದ್ದು ಗಣಿತ ಮತ್ತು ರಸಾಯನಶಾಸ್ತ್ರ. 1899ರಲ್ಲಿ ಡಬ್ಲಿನ್ನಿನ ಗಿನ್ನೆಸ್ ಮದ್ಯ ತಯಾರಿಕಾ ಸಂಸ್ಥೆಯನ್ನು ಸೇರಿದ ಆತನಿಗೆ ಕೆಲವೇ ಮಾದರಿಗಳಿಂದ ನಿರ್ಣಯಕ್ಕೆ ಬರಬೇಕಾದ ಕಷ್ಟ ಎದುರಾಯಿತು. ಅದಕ್ಕಾಗಿ ಸಂಖ್ಯಾಶಾಸ್ತ್ರವನ್ನು ಕಲಿತು, 1908ರಲ್ಲಿ ‘ಸ್ಟೂಡೆಂಟ್’ ಎಂಬ ಗುಪ್ತನಾಮದಿಂದ ಪ್ರಕಟಿಸಿದ ಲೇಖನವೇ ಇಂದು ‘ಟಿ ಪರೀಕ್ಷೆ’ ಎನಿಸಿಕೊಂಡಿರುವ ವಿಧಾನಕ್ಕೆ ಮೂಲ. ಪಕ್ಕದಲ್ಲಿ ಕಲಿತ ವಿದ್ಯೆ ಕೈಯಲ್ಲಿದ್ದ ಕೆಲಸಕ್ಕೆ ಬೆಳಕಾಯಿತು.

ನಮ್ಮ ಗಡಿನಾಡಿನ ಮಕ್ಕಳಿಗೆ ಇಲ್ಲೊಂದು ಅನುಕೂಲವುಂಟು. ವಿಶ್ಲೇಷಣೆಗೆ ಮೊದಲು ಪಟ್ಟಿಗಳನ್ನು ಶುದ್ಧಗೊಳಿಸಬೇಕು. ಒಂದೇ ಕುಂಬಳೆಯ ಹೆಸರು ಕನ್ನಡದಲ್ಲಿ, ಮಲಯಾಳದಲ್ಲಿ, ಇಂಗ್ಲಿಷಿನಲ್ಲಿ ಬೇರೆಬೇರೆಯಾಗಿ ಬರೆಯಲ್ಪಟ್ಟರೆ, ಮೊದಲೇ ತಿಳಿಸಿಕೊಡದ ಹೊರತು ಯಂತ್ರವು ಅದನ್ನು ಮೂರು ಊರುಗಳೆಂದು ಎಣಿಸೀತು. ಮೂರು ಲಿಪಿ ಬಲ್ಲ ಕಾಸರಗೋಡಿನ ವಿದ್ಯಾರ್ಥಿ ಅದನ್ನು ನೋಡಿದೊಡನೆ ತಿದ್ದಬಲ್ಲ. ಭಾಷೆ ಓದಿದವರಿಗೆ ಬದುಕಿಲ್ಲವೆನ್ನುವವರಿಗೆ ಇದನ್ನು ನಾವು ತೋರಿಸಬೇಕು.

ಆದರೆ 24 ಕ್ರೆಡಿಟ್ ಓದಿದ ಮಾತ್ರಕ್ಕೆ ಉದ್ಯೋಗ ಕೈಗೂಡುತ್ತದೆಂಬ ಭರವಸೆಯನ್ನು ನಾವು ಕೊಡಬಾರದು. ಪಠ್ಯಕ್ರಮದಲ್ಲಿ ಮೂರನ್ನು ನೋಡಿ ಸಲಹೆ ಕೊಡೋಣ: ಸಂಖ್ಯಾಶಾಸ್ತ್ರದ ತಳಹದಿ ಇದೆಯೇ? ನಿಜವಾದ ಲೆಕ್ಕಗಳ ಮೇಲೆ ಕೈಯಾರೆ ಅಭ್ಯಾಸವಿದೆಯೇ? ಪರರ ಖಾಸಗಿ ಮಾಹಿತಿಯನ್ನು ಕಾಯುವ ಧರ್ಮವನ್ನೂ, 2023ರ ದತ್ತಾಂಶ ರಕ್ಷಣೆಯ ಕಾನೂನನ್ನೂ ಕಲಿಸುತ್ತಾರೆಯೇ? ಮೂರೂ ಇದ್ದರೆ, ಆಸಕ್ತಿಯುಳ್ಳ ವಿದ್ಯಾರ್ಥಿಯನ್ನು ಧೈರ್ಯವಾಗಿ ಕಳುಹಿಸೋಣ. ಅದಕ್ಕಾಗಿ ಕನ್ನಡವನ್ನು ಬಿಡಬೇಕಾಗಿಲ್ಲವೆಂಬುದನ್ನೂ ಮರೆಯದೆ ಹೇಳೋಣ.