ಮಳೆ ಸುರಿಯುವ ನಾಡಿನ ಕಲ್ಲು ಮರುಭೂಮಿ

ಮಳೆ ಬಾರದ ಕಡೆ ಮರುಭೂಮಿ ಎಂಬುದು ನಮ್ಮೆಲ್ಲರ ಲೆಕ್ಕ. ಚೀನಾದ ನೈರುತ್ಯದಲ್ಲಿರುವ ಗುಯಿಝೌ ಪ್ರಾಂತ್ಯದಲ್ಲಿ ಈ ಲೆಕ್ಕ ತಪ್ಪುತ್ತದೆ. ಅಲ್ಲಿ ವರ್ಷಕ್ಕೆ ಸಾವಿರ ಮಿಲಿಮೀಟರಿಗೂ ಮಿಗಿಲಾಗಿ ಮಳೆಯಾಗುತ್ತದೆ, ಮೋಡ ಸರಿದು ಬಿಸಿಲು ಕಾಣುವುದೇ ಅಪರೂಪ. ಆದರೂ ಗುಡ್ಡ ಗುಡ್ಡವೇ ಬೋಳಾಗಿ, ಬೂದುಬಣ್ಣದ ಸುಣ್ಣಕಲ್ಲು ಬಯಲಾಗಿದೆ. ಗುಯಿಝೌ, ಯುನ್ನಾನ್, ಗುವಾಂಗ್ಶಿ ಸೇರಿ ಎಂಟು ಪ್ರಾಂತ್ಯಗಳಲ್ಲಿ ಹೀಗೆ ಕಲ್ಲಾದ ನೆಲ 2005ರ ಸರ್ಕಾರಿ ಸಮೀಕ್ಷೆಯಲ್ಲಿ ಸುಮಾರು 1.3 ಲಕ್ಷ ಚದರ ಕಿಲೋಮೀಟರ್ ಇತ್ತು. ಅಂದರೆ ಇಡೀ ತಮಿಳುನಾಡಿನಷ್ಟು.

ಕಾರಣದ ಅರ್ಧ ಭಾಗ ಕಲ್ಲಿನ ಗುಣದಲ್ಲೇ ಇದೆ. ಮಳೆನೀರು ಗಾಳಿ ಮತ್ತು ಮಣ್ಣಿನಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ತುಸು ಆಮ್ಲೀಯವಾಗುತ್ತದೆ. ಸುಣ್ಣಕಲ್ಲನ್ನು ಕರಗಿಸಲು ಅಷ್ಟು ಸಾಕು. ಗ್ರಾನೈಟ್ ಶಿಥಿಲವಾದರೆ ಅದರ ಬಹುಪಾಲು ಅಲ್ಲಿಯೇ ಮಣ್ಣಾಗಿ ಉಳಿಯುತ್ತದೆ. ಸುಣ್ಣಕಲ್ಲು ಹಾಗಲ್ಲ, ನೀರಿನ ಜೊತೆಗೇ ಹೊರಟುಹೋಗುತ್ತದೆ. ಕರಗದೆ ಉಳಿಯುವ ಜೇಡಿ ಎಷ್ಟೋ ಕಡೆ ನೂರಕ್ಕೆ ಐದು ಪಾಲೂ ಇರುವುದಿಲ್ಲ. ಹಾಗಾಗಿ ಒಂದು ಸೆಂಟಿಮೀಟರ್ ಮಣ್ಣು ಕೂಡಿಬರಲು ಸಾವಿರಾರು ವರ್ಷ ಹಿಡಿಯುತ್ತದೆ.

ಆ ತೆಳು ಮಣ್ಣಿಗೂ ಕೆಳಗಿನ ಬಂಡೆಗೂ ನಡುವೆ ಅರೆ ಶಿಥಿಲ ಪದರವೆಂಬುದು ಇರುವುದೇ ಕಡಿಮೆ. ಬೇರುಗಳ ಹಿಡಿತ ತಪ್ಪಿದೊಡನೆ ಮಣ್ಣು ಜಾರುತ್ತದೆ. ಇಳಿಜಾರಿನಲ್ಲಿ ಕೊಚ್ಚಿಹೋಗುವುದಷ್ಟೇ ಅಲ್ಲ, ಬಿರುಕುಗಳಲ್ಲಿ, ನೆಲ ಕುಸಿದ ಕುಳಿಗಳಲ್ಲಿ ಇಳಿದು ಭೂಗತ ಹೊಳೆಗಳ ಪಾಲಾಗುತ್ತದೆ. ನೀರಿನ ದಾರಿಯೂ ಅದೇ. ಹೊಳೆ ಕಾಲಡಿಯಲ್ಲೇ ಹರಿಯುತ್ತಿದ್ದರೂ ಮಳೆ ನಿಂತ ಕೆಲವೇ ದಿನಗಳಲ್ಲಿ ಮೇಲಿನ ಊರಿಗೆ ಬರ.

ಗುಡ್ಡ ಹತ್ತಿದ ಮೆಕ್ಕೆಜೋಳ

ಉಳಿದರ್ಧ ಕಾರಣ ಮನುಷ್ಯ. ಗುಯಿಝೌ ಪ್ರಾಂತ್ಯವಾದದ್ದು 1413ರಲ್ಲಿ, ಮಿಂಗ್ ದೊರೆಗಳ ಕಾಲದಲ್ಲಿ. ಸೈನಿಕರು ಮತ್ತು ವಲಸಿಗರು ಬಂದು ನೆಲೆಸಿದರು. ಮಟ್ಟಸ ನೆಲ ಮೊದಲೇ ಕಡಿಮೆಯಿದ್ದ ನಾಡಿನಲ್ಲಿ ಗುಡ್ಡದ ಬೇಸಾಯ ಹೆಚ್ಚಿತು. ಅಮೆರಿಕ ಖಂಡದಿಂದ ಬಂದ ಮೆಕ್ಕೆಜೋಳ ಮಿಂಗ್ ನಂತರದ ಚಿಂಗ್ ದೊರೆಗಳ ಕಾಲದಲ್ಲಿ ಇಲ್ಲಿಗೂ ಹಬ್ಬಿದ ಮೇಲೆ ಕಡಿದಾದ ಇಳಿಜಾರೂ ಹೊಲವಾಯಿತು. ಭತ್ತ ಒಲ್ಲದ ಕಲ್ಲಿನ ಸಂದಿನಲ್ಲೂ ಅದು ತೆನೆ ಬಿಡುತ್ತಿತ್ತು.

1958ರ ‘ಮಹಾ ಜಿಗಿತ’ವೆಂಬ ಸರ್ಕಾರಿ ಆಂದೋಲನದಲ್ಲಿ ಊರೂರಿನ ಉಕ್ಕಿನ ಕುಲುಮೆಗಳಿಗೆ ಮರಗಳು ಸೌದೆಯಾದವು. 1949ರಲ್ಲಿ ಸುಮಾರು 1.4 ಕೋಟಿಯಿದ್ದ ಪ್ರಾಂತ್ಯದ ಜನಸಂಖ್ಯೆ 2000ದ ಹೊತ್ತಿಗೆ 3.5 ಕೋಟಿ ದಾಟಿತು. ಹೊಟ್ಟೆಗೆ ಸಾಲದೆ ಇನ್ನಷ್ಟು ಗುಡ್ಡ ಉತ್ತರು. ಉತ್ತಷ್ಟೂ ಮಣ್ಣು ಹೋಯಿತು, ಮಣ್ಣು ಹೋದಷ್ಟೂ ಇಳುವರಿ ಬಿತ್ತು. ಬಡತನ ಮತ್ತು ಬಂಡೆ ಒಂದನ್ನೊಂದು ಬೆಳೆಸಿದವು.

ಬಂಡೆಯ ಮೇಲೆ ಸಿಚುವಾನ್ ಮೆಣಸು

ಬಡತನ, ಕಲ್ಲುಭೂಮಿ ಎರಡನ್ನೂ ಒಟ್ಟಿಗೇ ಎದುರಿಸಬೇಕೆಂದು 1988ರಲ್ಲಿ ಗುಯಿಝೌನ ಬಿಜಿಯೆಯಲ್ಲಿ ಪ್ರಯೋಗ ವಲಯವೊಂದು ಶುರುವಾಯಿತು. 1998ರಲ್ಲಿ ಯಾಂಗ್‌ಟ್ಸಿ ನದಿಯ ಮಹಾಪೂರ ಬಂತು. ಬೀಜಿಂಗ್‌ಗೆ ಅದು, ಗುಡ್ಡದ ಕಾಡು ಹೋದರೆ ಪ್ರವಾಹ ಹೆಚ್ಚುತ್ತದೆಂಬ ಪಾಠವಾಯಿತು. ಮರುವರ್ಷವೇ ಇಳಿಜಾರಿನ ಉಳುಮೆ ಬಿಟ್ಟು ಗಿಡ ಬೆಳೆಸುವ ರೈತರಿಗೆ ಧಾನ್ಯ, ಹಣ ಕೊಡುವ ಯೋಜನೆ ಬಂತು. 2008ರಿಂದ ನೂರು ಕೌಂಟಿಗಳಲ್ಲಿ (ನಮ್ಮ ತಾಲ್ಲೂಕಿನಂಥ ಆಡಳಿತ ಘಟಕ) ಕಲ್ಲುಭೂಮಿಗೆಂದೇ ಪ್ರತ್ಯೇಕ ಕೆಲಸ ಆರಂಭವಾಯಿತು.

ಗುಯಿಝೌನ ಹುವಾಜಿಯಾಂಗ್ ಕಣಿವೆಯ ಝೆನ್‌ಫೆಂಗ್ ಕೌಂಟಿಯ ರೈತರು ಮೆಕ್ಕೆಜೋಳದ ಜಾಗದಲ್ಲಿ ಸಿಚುವಾನ್ ಮೆಣಸು ಹಾಕಿದರು. ಇದು ನಮ್ಮ ಕರಾವಳಿಯ ಅಡುಗೆಮನೆ ಬಲ್ಲ ಜುಮ್ಮನಕಾಯಿಯ ಕುಲದ್ದೇ ಗಿಡ. ಬಿರುಕಿನಲ್ಲೇ ಬೇರಿಳಿಸುತ್ತದೆ, ಬರ ತಡೆಯುತ್ತದೆ, ಪ್ರತಿವರ್ಷ ಉಳುಮೆ ಬೇಡ. ಮೆಕ್ಕೆಜೋಳಕ್ಕಿಂತ ಹೆಚ್ಚು ಕಾಸನ್ನೂ ತಂದಿತು. ಜೊತೆಗೆ ಮಳೆನೀರಿನ ಸಣ್ಣ ತೊಟ್ಟಿಗಳು, ಸೌದೆ ಉಳಿಸುವ ಗೋಬರ್ ಗ್ಯಾಸ್, ಮಣ್ಣು ತಡೆಯುವ ಕಲ್ಲುಕಟ್ಟೆಗಳು ಬಂದವು. ಲಕ್ಷಾಂತರ ಯುವಕರು ಗುವಾಂಗ್‌ಡಾಂಗ್‌ನ ಕಾರ್ಖಾನೆಗಳಿಗೆ ಹೋದದ್ದೂ ಗುಡ್ಡದ ಹೊರೆ ಇಳಿಸಿತು. 2016–20ರ ನಡುವೆ ಗುಯಿಝೌ ಸರ್ಕಾರ ಸುಮಾರು 19 ಲಕ್ಷ ಜನರನ್ನು ಬೆಟ್ಟದ ಹಳ್ಳಿಗಳಿಂದ ಬೇರೆಡೆ ನೆಲೆಗೊಳಿಸಿತು.

ಎಂಟೂ ಪ್ರಾಂತ್ಯಗಳ ಕಲ್ಲುಭೂಮಿ 2016ರಲ್ಲಿ ಸುಮಾರು 1 ಲಕ್ಷ ಚದರ ಕಿಲೋಮೀಟರಿಗೆ, 2021ರಲ್ಲಿ ಸುಮಾರು 72 ಸಾವಿರಕ್ಕೆ ಇಳಿಯಿತು. ಉಪಗ್ರಹ ಚಿತ್ರಗಳಲ್ಲೂ ಈ ಪ್ರದೇಶ ಹಸಿರೇರಿದ್ದು ಕಾಣುತ್ತದೆ. ಆದರೆ ಹಸಿರೆಲ್ಲ ಕಾಡಲ್ಲ. ಹಲವೆಡೆ ಬೆಳೆದಿರುವುದು ಒಂದೇ ಜಾತಿಯ ನೆಡುತೋಪು. ಹಳೆಯ ಕಾಡಿನ ಜೀವವೈವಿಧ್ಯ ಅದರಲ್ಲಿಲ್ಲ. ಬಿರುಕಿನಲ್ಲಿಳಿದ ಮಣ್ಣಂತೂ ಯಾವ ಯೋಜನೆಗೂ ಮರಳಿ ಸಿಗುವುದಿಲ್ಲ.

ಗುಯಿಝೌ ಎಷ್ಟು ಸಸಿ ನೆಟ್ಟಿತು ಎಂಬುದಕ್ಕಿಂತ, ಇಳಿಜಾರು ಉಳದೆಯೂ ಬದುಕುವ ದಾರಿಯನ್ನು ರೈತನಿಗೆ ತೋರಿಸಿತು ಎಂಬುದೇ ಮುಖ್ಯ. ಆ ದಾರಿಯಿಲ್ಲದ ಕಡೆ ನೆಟ್ಟ ಗಿಡ ಉಳಿಯುವುದಿಲ್ಲ. ಮಣ್ಣು ಇರುವಾಗಲೇ ಆ ದಾರಿ ಹುಡುಕುವುದು ಜಾಣತನ, ಖರ್ಚೂ ಕಡಿಮೆ.