ಸೈಲೆನ್ಸರ್ ಮಾತು ಕಲಿತ ಕಥೆ

ನಮ್ಮ ಭಾಗದ ಹಿರಿಯರು ಮೋಟಾರ್ ಸೈಕಲ್ಲಿಗೆ ಇಟ್ಟ ಹೆಸರು ಫಟಫಟಿ. ಅದರ ಚಕ್ರ ನೋಡಿ ಇಟ್ಟದ್ದಲ್ಲ, ವೇಗ ನೋಡಿ ಇಟ್ಟದ್ದೂ ಅಲ್ಲ. ಊರ ಹೊರಗಿನ ರಸ್ತೆಯಲ್ಲಿ ಗಾಡಿ ಕಾಣುವ ಮೊದಲೇ ಅದರ ಹಿಂದಿನ ಕೊಳವೆ ಆಡಿದ ಮಾತು ಕೇಳಿ ಇಟ್ಟದ್ದು.

ಇವತ್ತು ಕಲಬುರಗಿಯ ಜಗತ್ ಸರ್ಕಲ್‌ನಲ್ಲಿ ಸಂಜೆ ಐದು ನಿಮಿಷ ಕಣ್ಣು ಮುಚ್ಚಿ ನಿಂತರೂ ಯಾವ ಗಾಡಿ ಬಂತು, ಯಾವುದು ಹೋಯಿತು ಎಂದು ಕಿವಿಯೇ ಹೇಳುತ್ತದೆ. ಸೂಪರ್ ಮಾರ್ಕೆಟ್ ಕಡೆಯಿಂದ ಬರುವ ಆಟೊಗಳ ಗೊರಗೊರ, ಬುಲೆಟ್‌ನ ಡುಗ್ ಡುಗ್, ಅಪರೂಪಕ್ಕೆ ಯಾರೋ ಜೀವ ಉಳಿಸಿಟ್ಟುಕೊಂಡ ಹಳೆಯ ಯಮಹಾದ ಸಣ್ಣ ಕೂಗು. ಇವುಗಳ ನಡುವೆ, ಕೇಳಿದವರೆಲ್ಲ ಬೆಚ್ಚಿ ತಿರುಗುವಂತೆ, ಸೈಲೆನ್ಸರ್ ಬದಲಿಸಿದ ಗಾಡಿಯೊಂದು ಪಟಾಕಿ ಹೊಡೆಯುತ್ತ ಹೋಗುತ್ತದೆ. ಹೆಸರೇ ಸೈಲೆನ್ಸರ್, ಅಂದರೆ ಸುಮ್ಮನಿರಿಸುವುದು. ಸುಮ್ಮನಿರಿಸಲು ಹುಟ್ಟಿದ ಡಬ್ಬಿಯೇ ಗಾಡಿಯ ದನಿಪೆಟ್ಟಿಗೆಯಾದದ್ದು ಹೇಗೆ?

ಮೊದಲು ಸದ್ದಿನ ಲೆಕ್ಕ. ಹಳೆಯ 350 ಬುಲೆಟ್‌ಗೆ ಒಂದೇ ಸಿಲಿಂಡರ್. ಒಳಗಿನ ಪಿಸ್ಟನ್ 70 ಮಿಲಿಮೀಟರ್ ಅಗಲ, ಅದು ಏರಿಳಿಯುವ ದೂರ 90 ಮಿಲಿಮೀಟರ್. ಫೋರ್ ಸ್ಟ್ರೋಕ್ ಎಂಜಿನ್ ಆದ್ದರಿಂದ ಎರಡು ಸುತ್ತಿಗೆ ಒಮ್ಮೆ ಮಾತ್ರ ಒಳಗೆ ಸಿಡಿತ. ನಿಂತಲ್ಲಿ ನಿಮಿಷಕ್ಕೆ 900 ಸುತ್ತು ತಿರುಗುತ್ತಿದೆ ಎಂದುಕೊಂಡರೆ ಸೆಕೆಂಡಿಗೆ ಏಳೂವರೆ ಸಿಡಿತ. ಸೆಕೆಂಡಿಗೆ ಇಪ್ಪತ್ತರ ಒಳಗಿದ್ದರೆ ನಮ್ಮ ಕಿವಿ ಒಂದೊಂದು ಹೊಡೆತವನ್ನೂ ಬಿಡಿಬಿಡಿಯಾಗಿ ಕೇಳುತ್ತದೆ, ಅದು ದಾಟಿದರೆ ಎಲ್ಲ ಕೂಡಿ ಸ್ವರವಾಗುತ್ತದೆ. ಬುಲೆಟ್ ನಿಂತಲ್ಲಿ ತಾಳ ಹಾಕುವುದು ಅದಕ್ಕೇ. ಹನ್ನೆರಡು ಸಿಲಿಂಡರಿನ ಸ್ಪೋರ್ಟ್ಸ್ ಕಾರು ನಿಮಿಷಕ್ಕೆ 8000 ಸುತ್ತು ತಿರುಗಿದಾಗ ಸೆಕೆಂಡಿಗೆ 800 ಸಿಡಿತ. ಅಲ್ಲಿ ತಾಳವಿಲ್ಲ, ಕಂಠ ಬಿಚ್ಚಿದ ಆಲಾಪ ಮಾತ್ರ.

ಪ್ರತಿ ಸಿಡಿತದ ಬಿಸಿ ಹೊಗೆ ಒತ್ತಡದ ಅಲೆಯಾಗಿ ಕೊಳವೆಗೆ ನುಗ್ಗುತ್ತದೆ. ಅದನ್ನು ಹಾಗೇ ಹೊರಗೆ ಬಿಟ್ಟರೆ ಬಂದೂಕಿನ ಸದ್ದು. 1897ರಲ್ಲಿ ಅಮೆರಿಕದ ಇಂಡಿಯಾನಾದ ರೀವ್ಸ್ ಸಹೋದರರು ಎಂಜಿನ್ ಸದ್ದು ತಗ್ಗಿಸುವ ಡಬ್ಬಿಗೆ ಪೇಟೆಂಟ್ ಪಡೆದರು. ಮಷಿನ್ ಗನ್ ಕಂಡುಹಿಡಿದ ಹಿರಮ್ ಮ್ಯಾಕ್ಸಿಮ್‌ನ ಮಗ ಹಿರಮ್ ಪರ್ಸಿ ಮ್ಯಾಕ್ಸಿಮ್ 1909ರಲ್ಲಿ ಬಂದೂಕಿನ ಸದ್ದಡಗಿಸುವ ಸಾಧನಕ್ಕೆ ಪೇಟೆಂಟ್ ಪಡೆದು, ಅದೇ ತತ್ವವನ್ನು ಎಂಜಿನ್ನಿಗೂ ತಂದ. ಅಪ್ಪನ ಸದ್ದಿಗೆ ಮಗ ಬಾಯಿ ಕಟ್ಟಿದ ಈ ಸಂಗತಿ ನನಗೆ ಬಹಳ ಇಷ್ಟ.

ಆದರೆ ಸದ್ದು ಕಟ್ಟಿದ ಬೆನ್ನಿಗೇ ಬಿಚ್ಚುವವರೂ ಬಂದರು. ಆ ಕಾಲದ ಕಾರುಗಳಲ್ಲಿ ಕಟ್‌ಔಟ್ ಎಂಬ ಬಾಗಿಲಿತ್ತು. ದಿಬ್ಬ ಏರುವಾಗ ಚಾಲಕ ಅದನ್ನು ತೆರೆದರೆ ಹೊಗೆ ಡಬ್ಬಿಗೆ ಹೋಗದೆ ನೇರ ಹೊರಬೀಳುತ್ತಿತ್ತು, ಎಂಜಿನ್‌ಗೆ ಉಸಿರು ಹಗುರಾಗುತ್ತಿತ್ತು. ದಿಬ್ಬ ಮುಗಿದ ಮೇಲೂ ಅದನ್ನು ಮುಚ್ಚದೆ ಪೇಟೆಯೊಳಗೆ ಮೆರೆದವರು ಹೆಚ್ಚಾದಾಗ ಹಲವು ನಗರಗಳು ಕಟ್‌ಔಟ್ ನಿಷೇಧಿಸಿದವು. ಈಗಿನ ಕೋಟಿ ಬೆಲೆಯ ಕಾರುಗಳಲ್ಲಿ ಗುಂಡಿ ಒತ್ತಿದರೆ ಕೊಳವೆಯೊಳಗೆ ತೆರೆಯುವ ವಾಲ್ವ್ ಇದೆಯಲ್ಲ, ಅದು ಈ ಕಟ್‌ಔಟ್‌ನ ಮೊಮ್ಮಗ.

ಸದ್ದನ್ನು ಮೊದಲು ಅಂಗಡಿಯ ಸರಕಾಗಿ ಮಾಡಿದವರಲ್ಲಿ ದೊಡ್ಡ ಹೆಸರು ಕಾರ್ಲೊ ಅಬಾರ್ತ್‌ನದು. ವಿಯೆನ್ನಾದಲ್ಲಿ ಹುಟ್ಟಿ ಮೋಟಾರ್ ಸೈಕಲ್ ರೇಸ್‌ಗಳಲ್ಲಿ ಓಡಿದ ಆತ 1949ರಲ್ಲಿ ಇಟಲಿಯಲ್ಲಿ ಕಂಪನಿ ತೆರೆದ. ರೇಸ್ ಕಾರು ಕಟ್ಟುವುದು ಅವನ ಪ್ರೀತಿ, ಆದರೆ ಅದಕ್ಕೆ ದುಡ್ಡು ತಂದದ್ದು ಪುಟ್ಟ ಫಿಯಟ್‌ಗಳಿಗೆ ಮಾಡಿಕೊಟ್ಟ ಸೈಲೆನ್ಸರ್. ಸಣ್ಣ ಸಂಬಳದ ಕಾರಿನವನೂ ತನ್ನ ಗಾಡಿಗೆ ರೇಸ್ ಗಾಡಿಯ ಕಂಠ ಕೊಂಡುಕೊಳ್ಳಬಹುದಾಯಿತು. 1994ರಲ್ಲಿ ಹಾರ್ಲೆ ಡೇವಿಡ್ಸನ್ ತನ್ನ ಎಂಜಿನ್ನಿನ ಸದ್ದನ್ನೇ ಟ್ರೇಡ್‌ಮಾರ್ಕ್ ಮಾಡಿಕೊಡಿ ಎಂದು ಅರ್ಜಿ ಹಾಕಿ, ಪೈಪೋಟಿಯ ಕಂಪನಿಗಳ ತಕರಾರಿನಲ್ಲಿ ಆರು ವರ್ಷ ಎಳೆದಾಡಿ, 2000ದಲ್ಲಿ ಹಿಂತೆಗೆದುಕೊಂಡಿತು.

ಇದಕ್ಕೆ ಬಹಳ ಮೊದಲೇ ಒಬ್ಬ ಜರ್ಮನ್ ಎಂಜಿನಿಯರ್ ಈ ಕೊಳವೆಯ ಒಳಗುಟ್ಟನ್ನೇ ಹಿಡಿದಿದ್ದ. ಪೂರ್ವ ಜರ್ಮನಿಯ ಎಂಜೆಡ್ ಮೋಟಾರ್ ಸೈಕಲ್ ಕಾರ್ಖಾನೆಯ ವಾಲ್ಟರ್ ಕಾಡೆನ್. ಟೂ ಸ್ಟ್ರೋಕ್ ಎಂಜಿನ್‌ನಲ್ಲಿ ಹೊಗೆ ಹೊರಹೋಗುವ ದಾರಿ ತೆರೆದಾಗ ಅದರ ಜೊತೆ ಸುಡದ ಪೆಟ್ರೋಲೂ ಓಡಿಹೋಗುತ್ತದೆ. ಕಾಡೆನ್ ಅದಕ್ಕೆ ಬಾಗಿಲು ಹಾಕಲಿಲ್ಲ, ಕೊಳವೆಗೆ ಹೊಟ್ಟೆ ಕೊಟ್ಟ. ಮೊದಲು ಅಗಲವಾಗುತ್ತ ಹೋಗಿ ಆಮೇಲೆ ಕಿರಿದಾಗುವ ಹೊಟ್ಟೆ. ಅಗಲವಾಗುವ ಭಾಗದಲ್ಲಿ ಅಲೆ ತಿರುಗಿ ಬಂದು ಸಿಲಿಂಡರಿನ ಹೊಗೆಯನ್ನು ಹೀರುತ್ತದೆ. ಕಿರಿದಾಗುವ ಭಾಗಕ್ಕೆ ಬಡಿದ ಅಲೆ ಒತ್ತಡವಾಗಿ ಮರಳಿ, ಓಡಿಹೋಗುತ್ತಿದ್ದ ಪೆಟ್ರೋಲನ್ನು ಸಿಲಿಂಡರಿಗೇ ನೂಕುತ್ತದೆ. ಎಂಜಿನ್ ತನ್ನ ಸದ್ದಿನಿಂದಲೇ ತನಗೆ ಬಲ ತಂದುಕೊಳ್ಳುತ್ತದೆ. ಮಿರಜ್‌ನ ಕುಶಲಿಗಳು ತಂಬೂರಿಯ ಕುಂಬಳಬುರುಡೆಯನ್ನು ಆರಿಸುವಾಗ ಅದರ ಹೊಟ್ಟೆ ನೋಡುತ್ತಾರೆ. ಕಾಡೆನ್ ತಗಡಿನಲ್ಲಿ ಮಾಡಿದ್ದೂ ಅಂಥದ್ದೇ ಕೆಲಸ ಎಂದು ನನಗೆ ಅನಿಸುತ್ತದೆ. 1961ರಲ್ಲಿ ಅವನ 125 ಸಿಸಿ ಎಂಜಿನ್ 25 ಅಶ್ವಶಕ್ತಿ ಕೊಡುತ್ತಿತ್ತು.

ಅದೇ ವರ್ಷ ಸ್ವೀಡನ್ ಗ್ರ್ಯಾನ್ ಪ್ರಿ ವೇಳೆ ಎಂಜೆಡ್‌ನ ಸವಾರ ಅರ್ನ್ಸ್ಟ್ ಡೆಗ್ನರ್ ಪೂರ್ವ ಜರ್ಮನಿ ಬಿಟ್ಟು ಪಶ್ಚಿಮಕ್ಕೆ ಓಡಿಹೋದ. ಕಾಡೆನ್ ಕಲಿತದ್ದೆಲ್ಲ ಅವನ ಜೊತೆ ಜಪಾನಿನ ಸುಜುಕಿಗೆ ಹೋಯಿತು. 1962ರಲ್ಲೇ ಡೆಗ್ನರ್ ಸುಜುಕಿಗೆ 50 ಸಿಸಿ ವಿಶ್ವ ಪಟ್ಟ ಗೆದ್ದುಕೊಟ್ಟ. ಹೊಟ್ಟೆಯ ಕೊಳವೆ ಜಪಾನಿನ ಕಂಪನಿಗಳಲ್ಲೆಲ್ಲ ಹರಡಿ, 80ರ ದಶಕದಲ್ಲಿ ಜಪಾನಿನ 100 ಸಿಸಿ ಗಾಡಿಗಳ ಜೊತೆ ನಮ್ಮ ಬೀದಿಗೂ ಬಂತು.

ಅಲ್ಲಿಯವರೆಗೆ ನಮ್ಮ ರಾಜ್ಯದ ಸ್ವಂತ ಸದ್ದು ಮೈಸೂರಿನದು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 60ರ ದಶಕದ ಆರಂಭದಿಂದ ಜಾವಾ, 1973ರಿಂದ ಯೆಜ್ಡಿ ಹೆಸರಿನಲ್ಲಿ ಗಾಡಿ ಕಟ್ಟಿ, 1996ರಲ್ಲಿ ಬಾಗಿಲು ಮುಚ್ಚಿತು. ಅದರ 250 ಸಿಸಿ ಗಾಡಿಗೆ ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಟೂ ಸ್ಟ್ರೋಕ್ ಆದ್ದರಿಂದ ಪ್ರತಿ ಸುತ್ತಿಗೂ ಸಿಡಿತ, ಅದೇ ವೇಗದ ಬುಲೆಟ್‌ಗಿಂತ ದುಪ್ಪಟ್ಟು. ಪೆಟ್ರೋಲಿನಲ್ಲಿ ಬೆರೆಸಿದ ಆಯಿಲ್ ಸುಟ್ಟು ಸೈಲೆನ್ಸರಿನೊಳಗಿನ ತೂತಿನ ನಳಿಗೆಗೆ ಕಾರ್ಬನ್ ಕಟ್ಟುತ್ತಿತ್ತು. ಮೆಕ್ಯಾನಿಕ್‌ಗಳ ಬಾಯಲ್ಲಿ ಆ ನಳಿಗೆ ಜಾಲಿ. ಆಗಾಗ ಅದನ್ನು ಬಿಚ್ಚಿ, ಕೆರೆದು, ತೊಳೆದು ಹಾಕಬೇಕು. ಹಾಗೆ ತೊಳೆಯಲು ತೆಗೆದ ಜಾಲಿಯನ್ನು ಕೆಲವು ಹುಡುಗರು ಮರಳಿ ಹಾಕಲೇ ಇಲ್ಲ. ಸದ್ದಿನ ರುಚಿ ಹತ್ತಿಬಿಟ್ಟಿತ್ತು.

1985ರಲ್ಲಿ ಯಮಹಾ ಆರ್‌ಎಕ್ಸ್ 100 ಬಂತು. 98 ಸಿಸಿ, 11 ಅಶ್ವಶಕ್ತಿ. ಹೊರಗೆ ನೇರ ಕೊಳವೆಯಂತೆ ಕಾಣುವ ಅದರ ಸೈಲೆನ್ಸರಿನೊಳಗೆ ಕಾಡೆನ್‌ನ ಹೊಟ್ಟೆ ಅಡಗಿತ್ತು. ಪೂರ್ತಿ ಬಲ ಬರುವ 7500 ಸುತ್ತಿನಲ್ಲಿ ಸೆಕೆಂಡಿಗೆ 125 ಸಿಡಿತ. ಹಾರ್ಮೋನಿಯಂನಲ್ಲಿ ಬಿಳಿ ಒಂದರ ಮಂದ್ರದ ಷಡ್ಜಕ್ಕಿಂತ ಸುಮಾರು ಅರ್ಧ ಸ್ವರ ಕೆಳಗೆ. ಆಕ್ಸಿಲೇಟರ್ ಇನ್ನಷ್ಟು ತಿರುವಿದರೆ ಶ್ರುತಿಗೇ ಕೂಡುತ್ತದೆ. ಯಮಹಾ 1887ರಲ್ಲಿ ಶುರುವಾದದ್ದು ರೀಡ್ ಆರ್ಗನ್ ಮಾಡುತ್ತ, ಇಂದಿಗೂ ಅದರ ಲಾಂಛನ ಮೂರು ಶ್ರುತಿಕಡ್ಡಿಗಳು. 2010ರಲ್ಲಿ ಲೆಕ್ಸಸ್ ಎಲ್‌ಎಫ್‌ಎ ಎಂಬ ಹತ್ತು ಸಿಲಿಂಡರಿನ ಸ್ಪೋರ್ಟ್ಸ್ ಕಾರು ತಯಾರಾದಾಗ ಅದರ ಎಂಜಿನ್ ಮಾಡಲು ಕೈಜೋಡಿಸಿದ್ದೂ, ಸದ್ದಿಗೆ ಶ್ರುತಿ ಮಾಡಿದ್ದೂ ಇದೇ ಯಮಹಾ. 9000 ಸುತ್ತಿನಲ್ಲಿ ಸೆಕೆಂಡಿಗೆ 750 ಸಿಡಿತ. ಅಂಥ 500 ಕಾರುಗಳಷ್ಟೇ ಹುಟ್ಟಿದವು.

ಈಗ ನಮ್ಮ ಗ್ಯಾರೇಜಿಗೆ ಬರೋಣ. ಇಲ್ಲಿ ಸೈಲೆನ್ಸರಿಗೂ ಕುಲಗೋತ್ರ ಇದೆ: ಇಂದೋರಿ, ಪಂಜಾಬ್, ಗೋಲ್ಡ್‌ಸ್ಟಾರ್, ಶಾರ್ಟ್ ಬಾಟಲ್. ಕಾಲೇಜು ಹುಡುಗನೊಬ್ಬ ಬಂದು, “ಉಸ್ತಾದ್, ಜಾಲಿ ತಗೀರಿ, ಆವಾಜ್ ದಪ್ಪ ಬರಬೇಕು” ಎನ್ನುತ್ತಾನೆ. ಅನುಭವಿ ಉಸ್ತಾದ್ ತಲೆ ಎತ್ತದೆ ಹೇಳುತ್ತಾರೆ: “ತಗಿತೀನಿ ತಮ್ಮಾ. ಖರೆ ಪಿಕಪ್ ಹೋಗ್ತದ. ಆಮ್ಯಾಲ ನನ್ ಕಡಿ ಬರಬ್ಯಾಡ.”

ಆ ಉಸ್ತಾದ್ ಹೇಳಿದ್ದು ಕಾಡೆನ್‌ನ ಪಾಠವೇ. ಬೆಂಡ್ ಪೈಪಿನ ಉದ್ದ, ಡಬ್ಬಿಯ ಹೊಟ್ಟೆ, ಕೊನೆಯ ತೂತು, ಇವೆಲ್ಲ ಕೂಡಿ ಅಲೆ ಯಾವ ಕ್ಷಣಕ್ಕೆ ಮರಳಬೇಕೆಂದು ತೀರ್ಮಾನಿಸುತ್ತವೆ. ಜಾಲಿ ಕಿತ್ತರೆ ಅಲೆ ತಪ್ಪು ಹೊತ್ತಿಗೆ ಬರುತ್ತದೆ, ಕೆಳಗಿನ ಗೇರಿನಲ್ಲಿ ಎಳೆತ ಕುಂದುತ್ತದೆ. ಪೆಟ್ರೋಲ್ ಪ್ರಮಾಣ ಸರಿಮಾಡದಿದ್ದರೆ ಎಂಜಿನ್ ಅತಿಯಾಗಿ ಕಾಯುತ್ತದೆ. ಆ ಪಟಾಕಿ ಸದ್ದು ಬಲದ ಗುರುತಲ್ಲ. ಆಕ್ಸಿಲೇಟರ್ ಬಿಟ್ಟಾಗ ಸಿಲಿಂಡರಿನಲ್ಲಿ ಸುಡದೆ ಉಳಿದ ಪೆಟ್ರೋಲ್ ಕೊಳವೆಯ ಬಿಸಿಗೆ ಹೊತ್ತಿಕೊಳ್ಳುವ ಸದ್ದು ಅದು. ಕಾರುಗಳಲ್ಲಂತೂ ಈಗ ಕಂಪ್ಯೂಟರಿನ ಮ್ಯಾಪ್ ಬದಲಿಸಿ ಬೇಕೆಂದೇ ಪೆಟ್ರೋಲ್ ಚೆಲ್ಲಿಸಿ ಇದನ್ನು ಮಾಡಿಸುತ್ತಾರೆ. ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಕಿತ್ತುಹಾಕುವವರೂ ಇದ್ದಾರೆ. ಸದ್ದಿಗಾಗಿ ಊರಿನ ಗಾಳಿಯನ್ನೂ ಕೆಡಿಸುವ ಕೆಲಸ ಅದು. ಒಳ್ಳೆಯ ಎಂಜಿನ್ ಸದ್ದೆಂದರೆ ನನಗೆ ಪ್ರಾಣ, ಆದ್ದರಿಂದಲೇ ಇದನ್ನು ನೋಡಲಾಗುವುದಿಲ್ಲ. ಅಲೆಯ ಲೆಕ್ಕ ಹಾಕಿ ಕೊಳವೆ ಬಾಗಿಸುವುದು ಶ್ರುತಿ ಮಾಡಿದಂತೆ. ಜಾಲಿ ಕೀಳುವುದು ತಂಬೂರಿಯ ಬುರುಡೆ ಒಡೆದಂತೆ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 120ನೇ ನಿಯಮದಂತೆ ಪ್ರತಿ ವಾಹನಕ್ಕೂ, ಟ್ರ್ಯಾಕ್ಟರಿಗೂ, ಸೈಲೆನ್ಸರ್ ಇರಲೇಬೇಕು. 175 ಸಿಸಿ ಮೀರಿದ ಹೊಸ ಬೈಕಿಗೆ ಕಾರ್ಖಾನೆಯ ಪರೀಕ್ಷೆಯಲ್ಲಿ 80 ಡೆಸಿಬೆಲ್ ಮಿತಿ. ಡೆಸಿಬೆಲ್‌ನಲ್ಲಿ ಹತ್ತು ಹೆಚ್ಚಾದರೆ ಸದ್ದಿನ ಶಕ್ತಿ ಹತ್ತು ಪಟ್ಟು. 2019ರ ತಿದ್ದುಪಡಿಯ ನಂತರ ಸದ್ದು, ಹೊಗೆಯ ಮಾನದಂಡ ಮುರಿದವರಿಗೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಜಪ್ತಿ ಮಾಡಿದ ಸೈಲೆನ್ಸರ್‌ಗಳನ್ನು ರಸ್ತೆಯ ಮೇಲೆ ಸಾಲಾಗಿಟ್ಟು ರೋಡ್ ರೋಲರ್ ಹರಿಸಿದ್ದಾರೆ. ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ, ರಾತ್ರಿ ಅಲ್ಲಿ 40 ಡೆಸಿಬೆಲ್ ಮಿತಿ. ಹೆರಿಗೆ ವಾರ್ಡಿನ ಕಿಟಕಿಯ ಪಕ್ಕ ಒಂದು ರಾತ್ರಿ ಕೂತವರಿಗೆ ಆ ಅಂಕಿಯನ್ನು ಯಾರೂ ವಿವರಿಸಬೇಕಾಗಿಲ್ಲ.

ಭಾನುವಾರ ಬೆಳಿಗ್ಗೆ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರದವರೆಗೆ ಹೋಗಿಬರುವ ಬೈಕಿನವರು ನಮ್ಮಲ್ಲಿ ಅನೇಕರು. ಹೋದ ತಿಂಗಳು ನಾನೂ ಗೆಳೆಯನ ಹಳೆಯ ಯೆಜ್ಡಿಯ ಹಿಂದೆ ಕೂತು ಹೋಗಿದ್ದೆ. ಎರಡೂ ಸೈಲೆನ್ಸರಿನಲ್ಲಿ ಜಾಲಿ ಇದ್ದ ಗಾಡಿ. ಕೆಂಪು ಬಾಳೆಹಣ್ಣಿಗೆಂದು ರಸ್ತೆ ಬದಿ ನಿಂತಾಗ ಐದಾರು ಬೈಕುಗಳು ಪಟಪಟ ಸಿಡಿಸುತ್ತ ದಾಟಿಹೋದವು. ಹಣ್ಣು ಮಾರುತ್ತಿದ್ದ ಅಜ್ಜಿ ಕಿವಿಯ ಮೇಲಿನ ಸೆರಗು ಸರಿಸಿಕೊಂಡು, “ಅವ್ರು ಇಲ್ಲಿ ನಿಂದ್ರಂಗಿಲ್ರಿ. ಹಿಂಗ ಸಣ್ಣ ಆವಾಜ್ ಬಂತಂದ್ರ ಹಣ್ಣು ತಗೊಳ್ಳೋರು ಬಂದ್ರು ಅಂತ ನಾ ಗೊನಿ ಮುಂದ ಸರಸ್ತೀನಿ” ಎಂದು, ಒಂದು ಡಜನ್ ಎಣಿಸಿ ಚೀಲಕ್ಕೆ ಹಾಕಿದರು.